ಮೊದಲ ಗಾಳಿ ಯಾರಿಗೆ?

1981ರಲ್ಲಿ ಐಬಿಎಂ ಹೊರತಂದ ಮೊದಲ ಪಿಸಿಯಲ್ಲಿ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ ಇದ್ದ ಒಟ್ಟು ಸಾಮರ್ಥ್ಯ 63.5 ವಾಟ್. ಪ್ರೊಸೆಸರ್ ಮೇಲೆ ಅದರ ಶಾಖ ಹೀರುವ ಹೀಟ್‌ಸಿಂಕ್ ಇರಲಿಲ್ಲ, ಫ್ಯಾನಂತೂ ಇಲ್ಲವೇ ಇಲ್ಲ. ಎಸ್‌ಎಂಪಿಎಸ್‌ನೊಳಗೆ ಕೂತಿದ್ದ ಒಂಟಿ ಫ್ಯಾನ್ ಪೆಟ್ಟಿಗೆಯ ಗಾಳಿಯನ್ನು ಎಳೆದು ಹಿಂದಕ್ಕೆ ದಬ್ಬುತ್ತಿತ್ತು, ಅಷ್ಟು ಸಾಕಾಗುತ್ತಿತ್ತು. 2025ರ ಜನವರಿಯಲ್ಲಿ ಎನ್ವಿಡಿಯಾ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್‌ಗೆ, ಅದೊಂದಕ್ಕೇ, 575 ವಾಟ್ ಬೇಕು. ಜೊತೆಗೆ ಒಂದು ಗಟ್ಟಿ ಪ್ರೊಸೆಸರ್ ಸೇರಿದರೆ ಲೆಕ್ಕ 800 ವಾಟ್‌ನ ಹತ್ತಿರ ಬಂದು ನಿಲ್ಲುತ್ತದೆ. ಪೆಟ್ಟಿಗೆ ಮಾತ್ರ ಹೆಚ್ಚುಕಡಿಮೆ ಅಂದಿನದೇ: ತಗಡಿನ ಗೋಡೆಗಳು, ಒಂದು ಬದಿಗೆ ಮದರ್‌ಬೋರ್ಡ್, ತೂತುಗಳು, ಫ್ಯಾನು.

ಕಂಪ್ಯೂಟರ್ ನುಂಗುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬೀಳುತ್ತದೆ. ಲೆಕ್ಕ ಮಾಡಿದ್ದಕ್ಕೆ, ಚಿತ್ರ ಬಿಡಿಸಿದ್ದಕ್ಕೆ ಎಂದು ಶಕ್ತಿ ಎಲ್ಲೂ ಉಳಿದುಕೊಳ್ಳುವುದಿಲ್ಲ. 500 ವಾಟ್ ಎಳೆಯುವ ಕಂಪ್ಯೂಟರ್ ಕೋಣೆಯನ್ನು ಬಿಸಿ ಮಾಡುವುದರಲ್ಲಿ 500 ವಾಟ್‌ನ ರೂಮ್ ಹೀಟರ್‌ಗಿಂತ ಒಂದು ಕೂದಲೆಳೆಯೂ ಹಿಂದೆ ಬಿದ್ದಿಲ್ಲ. ಆ ಶಾಖವನ್ನು ಪೆಟ್ಟಿಗೆಯಿಂದ ಆಚೆ ಸಾಗಿಸುವುದು ಗಾಳಿಯ ಕೆಲಸ. ಎಷ್ಟು ಗಾಳಿ ಬೇಕು ಎಂಬುದನ್ನು ಹೈಸ್ಕೂಲಿನ ಭೌತವಿಜ್ಞಾನದಲ್ಲೇ ಲೆಕ್ಕ ಹಾಕಬಹುದು. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1000 ಜೂಲ್ ಬೇಕು. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. 500 ವಾಟ್ ಶಾಖವನ್ನು ಹೊತ್ತೊಯ್ಯುವಾಗ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದುಕೊಂಡರೆ ಸೆಕೆಂಡಿಗೆ ಸುಮಾರು 42 ಲೀಟರ್ ಗಾಳಿ ಹರಿಯಬೇಕು. ಮಧ್ಯಮ ಗಾತ್ರದ ಕ್ಯಾಬಿನೆಟ್ ಒಳಗಿನ ಜಾಗವೇ ಸುಮಾರು 45 ಲೀಟರ್. ಅಂದರೆ ಪೆಟ್ಟಿಗೆಯೊಳಗಿನ ಅಷ್ಟೂ ಗಾಳಿ ಹೆಚ್ಚುಕಡಿಮೆ ಪ್ರತಿ ಸೆಕೆಂಡಿಗೊಮ್ಮೆ ಬದಲಾಗುತ್ತಿರಬೇಕು! ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಶೇಕಡ 8-10ರಷ್ಟು ತೆಳು. ಮಂಗಳೂರಿನಲ್ಲಿ 42 ಲೀಟರ್ ಸಾಕಾದರೆ ಇಲ್ಲಿ 46 ಬೇಕು.

ಬಿಸಿಗಾಳಿ ಮೇಲಕ್ಕೇರುತ್ತದೆ, ಹಾಗಾಗಿ ಕೆಳಗಿನಿಂದ ತಂಪು ಗಾಳಿ ಒಳಬಂದು ಮೇಲಿನಿಂದ ಬಿಸಿ ಹೋಗುವಂತೆ ಮಾಡಿದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ ಎಂಬ ಮಾತನ್ನು ಕಂಪ್ಯೂಟರ್ ಜೋಡಿಸುವವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಕೇಳಲು ಸರಿಯಾಗಿಯೇ ಇದೆ. ಆದರೆ ಅಂಕಿ ಹಾಕಿ ನೋಡಿ. 45 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ, ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿ ಬಿಸಿ: ಇದರಿಂದ ಹುಟ್ಟುವ ಮೇಲ್ಮುಖ ಒತ್ತಡ 0.2 ಪ್ಯಾಸ್ಕಲ್ ಕೂಡ ಇಲ್ಲ. ಸಾಧಾರಣ 120 ಮಿಲಿಮೀಟರ್ ಫ್ಯಾನ್ ಹುಟ್ಟಿಸಬಲ್ಲ ಒತ್ತಡ 10ರಿಂದ 20 ಪ್ಯಾಸ್ಕಲ್. ಫ್ಯಾನಿನ ಎದುರು ಈ 'ಸಹಜ' ಏರಿಕೆ ಯಾವ ಲೆಕ್ಕಕ್ಕೂ ಇಲ್ಲ. ಫ್ಯಾನ್ ಕೆಳಮುಖವಾಗಿ ದಬ್ಬಿದರೆ ಬಿಸಿಗಾಳಿ ತೆಪ್ಪಗೆ ಕೆಳಕ್ಕೇ ಹೋಗುತ್ತದೆ. ಫ್ಯಾನೇ ಇಲ್ಲದ ಯಂತ್ರಗಳಲ್ಲಿ, ಉದಾಹರಣೆಗೆ 2000ದಲ್ಲಿ ಆಪಲ್ ತಂದ ಜಿ4 ಕ್ಯೂಬ್‌ನಲ್ಲಿ, ಏರುವ ಗಾಳಿಯೇ ಆಧಾರ. ಅಂಥ ಯಂತ್ರ ಎಷ್ಟು ವಾಟ್ ತಡೆಯಬಲ್ಲದು ಎಂಬುದಕ್ಕೂ ಅಲ್ಲೇ ಮಿತಿ ಬೀಳುತ್ತದೆ.

ಇನ್ನು ಫ್ಯಾನ್. ಡಬ್ಬಿಯ ಮೇಲೆ ಎರಡು ಅಂಕಿ ಮುದ್ರಿಸಿರುತ್ತಾರೆ: ಗಾಳಿಯ ಹರಿವು ಒಂದು, ಒತ್ತಡ ಇನ್ನೊಂದು. ಹರಿವನ್ನು ಅಳೆಯುವುದು ಫ್ಯಾನಿನ ಹಿಂದೆ ಮುಂದೆ ಏನೂ ಅಡ್ಡವಿಲ್ಲದಾಗ. ಒತ್ತಡವನ್ನು ಅಳೆಯುವುದು ದಾರಿ ಪೂರ್ತಿ ಮುಚ್ಚಿ ಒಂದು ತೊಟ್ಟು ಗಾಳಿಯೂ ಹರಿಯದಿರುವಾಗ. ಎರಡೂ ಒಟ್ಟಿಗೆ ಸಿಗುವ ಪರಿಸ್ಥಿತಿ ಲೋಕದಲ್ಲಿಲ್ಲ. ನಿಜವಾದ ಕ್ಯಾಬಿನೆಟ್‌ನಲ್ಲಿ ಫ್ಯಾನು ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ದುಡಿಯುತ್ತದೆ. ಎಲ್ಲಿ ಎಂಬುದನ್ನು ನಿರ್ಧರಿಸುವುದು ಅದರೆದುರಿಗಿನ ಜಾಲರಿ, ಧೂಳಿನ ಫಿಲ್ಟರ್, ಕೇಬಲ್ ಗೋಜಲು, ಹೀಟ್‌ಸಿಂಕಿನ ರೆಕ್ಕೆಗಳ ಸಂದು. ವೇಗದ ಲೆಕ್ಕವೂ ಸ್ವಾರಸ್ಯಕರ. ಫ್ಯಾನಿನ ವೇಗ ಇಮ್ಮಡಿಯಾದರೆ ಹರಿವು ಇಮ್ಮಡಿ, ಒತ್ತಡ ನಾಲ್ಕು ಪಟ್ಟು, ಅದು ತಿನ್ನುವ ವಿದ್ಯುತ್ತು ಎಂಟು ಪಟ್ಟು. ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಅದೇ ಸದ್ದಿನ ಎರಡು ಫ್ಯಾನುಗಳನ್ನು ಅಕ್ಕಪಕ್ಕ ಇಟ್ಟರೆ ಏರುವುದು ಬರೀ 3 ಡೆಸಿಬೆಲ್. ದೊಡ್ಡ ಫ್ಯಾನುಗಳನ್ನು ನಿಧಾನ ತಿರುಗಿಸುವುದರ ಲಾಭ ಇದೇ. 80 ಮಿಲಿಮೀಟರಿನ ಫ್ಯಾನುಗಳು ಮರೆಯಾಗಿ 120, 140, ಕೊನೆಗೆ 180 ಮಿಲಿಮೀಟರಿನವು ಬಂದದ್ದು ಚಂದಕ್ಕಲ್ಲ.

ಆದರೆ ಈ ಲೆಕ್ಕಗಳೆಲ್ಲ ಪೆಟ್ಟಿಗೆಯನ್ನು ಒಂದು ಖಾಲಿ ಡಬ್ಬ ಎಂದು ತಿಳಿದು ಮಾಡಿದವು. ಒಳಗೆ ಹೋದ ಗಾಳಿ ಯಾರನ್ನು ಮೊದಲು ಮುಟ್ಟುತ್ತದೆ, ಆಮೇಲೆ ಯಾರನ್ನು, ಕೊನೆಗೆ ಯಾರನ್ನು? ನನ್ನ ಪ್ರಕಾರ ಕ್ಯಾಬಿನೆಟ್ ವಿನ್ಯಾಸದ ನಲವತ್ತು ವರ್ಷಗಳ ಇತಿಹಾಸವೆಂದರೆ ಈ ಒಂದು ಜಗಳದ ಇತಿಹಾಸ. ತುಂಗಭದ್ರಾ ಎಡದಂಡೆ ಕಾಲುವೆಯ ವಿಷಯ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲ್ಭಾಗದ ಹೊಲಗಳು ಭತ್ತ ನಾಟಿ ಮಾಡಿ ಕುಡಿದು ಉಳಿಸಿದ್ದು ರಾಯಚೂರು ಕಡೆಯ ಕೊನೆಭಾಗಕ್ಕೆ. ಗಾಳಿಯೂ ಹಾಗೆಯೇ ಹರಿಯುತ್ತದೆ; ಒಬ್ಬರ ಶಾಖವನ್ನು ಹೊತ್ತ ಗಾಳಿ ಮುಂದಿನವರ ಪಾಲಿಗೆ ಬರುವಾಗಲೇ ಬೆಚ್ಚಗಿರುತ್ತದೆ. ಕಾಲುವೆಯಲ್ಲಿ ಒಡ್ಡು ಒಡೆದ ಹಾಗೆ ಇಲ್ಲಿಯೂ ಸೋರಿಕೆಯುಂಟು. ಮೇಲ್ಛಾವಣಿಯ ಮುಂತುದಿಯಲ್ಲಿ ಗಾಳಿ ಹೊರಹಾಕುವ ಫ್ಯಾನ್ ಕೂರಿಸಿದರೆ ಮುಂಭಾಗದಿಂದ ಆಗಷ್ಟೇ ಒಳಬಂದ ತಾಜಾ ಗಾಳಿ ಯಾರ ಮೈಯನ್ನೂ ಮುಟ್ಟದೆ ಮೇಲಿನಿಂದಲೇ ಪರಾರಿಯಾಗುತ್ತದೆ. ಫ್ಯಾನುಗಳ ಸಂಖ್ಯೆ ಹೆಚ್ಚಿದಷ್ಟೂ ತಂಪು ಎಂದು ನಂಬಿ ಏಳೆಂಟು ಕೂರಿಸುವವರು ಈ ಪರಾರಿಗೆ ವಿದ್ಯುತ್ ಬಿಲ್ ಕಟ್ಟುತ್ತಿರುತ್ತಾರೆ.

ಇಂದಿಗೂ ಚಾಲ್ತಿಯಲ್ಲಿರುವ ಎಟಿಎಕ್ಸ್ ವಿನ್ಯಾಸವನ್ನು ಇಂಟೆಲ್ ಪ್ರಕಟಿಸಿದ್ದು 1995ರಲ್ಲಿ. 305 × 244 ಮಿಲಿಮೀಟರಿನ ಮದರ್‌ಬೋರ್ಡ್. ಅದಕ್ಕೂ ಹಿಂದಿನ ಬೋರ್ಡುಗಳಲ್ಲಿ ವಿಸ್ತರಣಾ ಕಾರ್ಡುಗಳ ದಾರಿಗೆ ಅಡ್ಡವಾಗಿ ಕೂರುತ್ತಿದ್ದ ಪ್ರೊಸೆಸರ್ ಈಗ ಎಸ್‌ಎಂಪಿಎಸ್ ಪಕ್ಕಕ್ಕೆ ಬಂತು. ಇಂಟೆಲ್‌ನ ಮೂಲ ಯೋಜನೆಯಲ್ಲಿ ಎಸ್‌ಎಂಪಿಎಸ್‌ನ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ನೇರ ಪ್ರೊಸೆಸರ್ ಮೇಲೆ ಊದಬೇಕಿತ್ತು. ಒಂದೇ ಫ್ಯಾನ್, ಎರಡು ಕೆಲಸ. ಕಾಗದದ ಮೇಲೆ ಒಳ್ಳೆಯ ಉಳಿತಾಯ. ತೊಡಕು ಏನೆಂದರೆ ಮೊದಲ ಗಾಳಿ ಎಸ್‌ಎಂಪಿಎಸ್‌ಗೆ, ಅದರ ಎಂಜಲು ಪ್ರೊಸೆಸರ್‌ಗೆ. ಪ್ರೊಸೆಸರುಗಳು ಬಿಸಿಯೇರುತ್ತ ಹೋದಂತೆ ಆ ಬೆಚ್ಚನೆಯ ಗಾಳಿ ಸಾಲದಾಯಿತು. ಕೆಲವೇ ವರ್ಷಗಳಲ್ಲಿ ಫ್ಯಾನಿನ ದಿಕ್ಕು ತಿರುಗಿತು: ಎಸ್‌ಎಂಪಿಎಸ್ ಈಗ ಪೆಟ್ಟಿಗೆಯ ಬಿಸಿಗಾಳಿಯನ್ನು ತಾನು ಕುಡಿದು ಹೊರಹಾಕತೊಡಗಿತು. ಪ್ರೊಸೆಸರ್ ಬದುಕಿತು, ಎಸ್‌ಎಂಪಿಎಸ್ ಕೊನೆಭಾಗದ ರೈತನಾಯಿತು. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ನೆನಪಿದ್ದರೆ ಇದು ಸಣ್ಣ ಶಿಕ್ಷೆಯಲ್ಲ.

2004ರ ಹೊತ್ತಿಗೆ ಪರಿಸ್ಥಿತಿ ವಿಕೋಪಕ್ಕೆ ಹೋಗಿತ್ತು. ಅಲ್ಲಿಯವರೆಗೆ ಟ್ರಾನ್ಸಿಸ್ಟರು ಕುಗ್ಗಿದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಕುಗ್ಗುತ್ತಿತ್ತು. ಆ ಅನುಕೂಲ ನಿಂತುಹೋಗಿ, ಮುಚ್ಚಿದ ಟ್ರಾನ್ಸಿಸ್ಟರುಗಳಿಂದಲೂ ವಿದ್ಯುತ್ ಸೋರತೊಡಗಿತ್ತು. ಆ ವರ್ಷ ಬಂದ 'ಪ್ರೆಸ್ಕಾಟ್' ಪೆಂಟಿಯಮ್ 4 ಪ್ರೊಸೆಸರುಗಳಲ್ಲಿ ಮೇಲಿನ ಸಾಲಿನವು 115 ವಾಟ್ ಮುಟ್ಟಿದವು. ಒಂದು ಚದರ ಸೆಂಟಿಮೀಟರಿನ ಆಸುಪಾಸಿನ ಸಿಲಿಕಾನ್ ಚೂರಿನಿಂದ ಅಷ್ಟು ಶಾಖ! ಇದನ್ನು ಮೊದಲೇ ಊಹಿಸಿದ್ದ ಇಂಟೆಲ್ 2003ರಲ್ಲೇ ಬಿಟಿಎಕ್ಸ್ ಎಂಬ ಹೊಸ ಒಳವಿನ್ಯಾಸವನ್ನು ಮುಂದಿಟ್ಟಿತ್ತು. ಮೊದಲ ಗಾಳಿಯ ಪ್ರಶ್ನೆಗೆ ಯಾರಾದರೂ ನೇರಾನೇರ ಉತ್ತರ ಕೊಟ್ಟಿದ್ದರೆ ಅದು ಬಿಟಿಎಕ್ಸ್, ಹಾಗಾಗಿ ಅದರ ಬಗ್ಗೆ ನನಗೆ ಇಂದಿಗೂ ಒಂದು ಮೆಚ್ಚುಗೆ.

ಅದರಲ್ಲಿ ಪ್ರೊಸೆಸರ್ ಪೆಟ್ಟಿಗೆಯ ಮುಂಭಾಗಕ್ಕೆ ಬಂತು. ಮುಂದಿನ ಗೋಡೆಗೆ ಅಂಟಿದಂತೆ ಒಂದು ದಪ್ಪ ಫ್ಯಾನ್, ಅದರ ಹಿಂದೆ ಕೊಳವೆಯಂಥ ಹೊದಿಕೆಯೊಳಗೆ ಹೀಟ್‌ಸಿಂಕ್. ಹೊರಗಿನ ಗಾಳಿ ಎಲ್ಲೂ ಬೆರೆಯದೆ, ಎಲ್ಲೂ ತಿರುಗದೆ ಮೊದಲು ಪ್ರೊಸೆಸರನ್ನು ಮುಟ್ಟುತ್ತಿತ್ತು. ಅದೇ ಗಾಳಿಯ ಸೆಳವು ಮುಂದುವರಿದು ಚಿಪ್‌ಸೆಟ್ ಮೇಲೆ, ಒಂದು ಮಗ್ಗುಲಿಗೆ ರ‍್ಯಾಮ್ ಮೇಲೆ, ಇನ್ನೊಂದು ಮಗ್ಗುಲಿಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹಾಯ್ದು ಹಿಂಬದಿಯಿಂದ ಹೊರಡುತ್ತಿತ್ತು. ಎಟಿಎಕ್ಸ್ ಟವರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ಮುಖ ನೆಲಕ್ಕೆ ತಿರುಗಿರುತ್ತದೆ; ಬಿಟಿಎಕ್ಸ್‌ನಲ್ಲಿ ಬೋರ್ಡನ್ನೇ ಎದುರು ಬದಿಯ ಗೋಡೆಗೆ ಸಾಗಿಸಿದ್ದರಿಂದ ಆ ಮುಖ ಮೇಲಾಯಿತು, ಹರಿವಿಗೆ ಸಿಕ್ಕಿತು. ಭಾರದ ಹೀಟ್‌ಸಿಂಕ್ ಹೊರಲು ಬೋರ್ಡಿನಡಿ ಒಂದು ಲೋಹದ ಪಟ್ಟಿಯನ್ನೂ ಕೊಟ್ಟಿದ್ದರು. ಡೆಲ್, ಗೇಟ್‌ವೇ ಮುಂತಾದ ದೊಡ್ಡ ತಯಾರಕರು ಇದನ್ನು ಬಳಸಿದರು.

ಆದರೂ ಬಿಟಿಎಕ್ಸ್ ಸತ್ತಿತು. ಬಿಡಿಭಾಗಗಳ ಪೇಟೆಯಲ್ಲಿ, ಅದು ಬೆಂಗಳೂರಿನ ಎಸ್‌ಪಿ ರಸ್ತೆಯಾಗಲಿ ತೈಪೆಯಾಗಲಿ, ಅಂಗಡಿಯ ತುಂಬ ಎಟಿಎಕ್ಸ್ ಬೋರ್ಡು, ಎಟಿಎಕ್ಸ್ ಕ್ಯಾಬಿನೆಟ್ಟು. ಬೋರ್ಡ್ ಬದಲಿಸಿದರೆ ಪೆಟ್ಟಿಗೆಯನ್ನೂ ಎಸೆಯಬೇಕೆಂದರೆ ಕೊಳ್ಳುವವರು ಯಾರು? ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಸ್ವತಃ ಇಂಟೆಲ್. 2004ರಲ್ಲೇ ಅದು ಪ್ರೆಸ್ಕಾಟ್‌ನ ಉತ್ತರಾಧಿಕಾರಿ 'ತೇಹಾಸ್' ಯೋಜನೆಯನ್ನು ಕೈಬಿಟ್ಟಿತು. 2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಪ್ರೊಸೆಸರುಗಳು ಹೆಚ್ಚು ಕೆಲಸ ಮಾಡಿಯೂ 65 ವಾಟ್‌ಗೆ ಇಳಿದವು. ಬೆಂಕಿಯೇ ಆರಿದ ಮೇಲೆ ಬಿಟಿಎಕ್ಸ್ ಯಾರಿಗೂ ಬೇಡವಾಯಿತು, ಅದೇ ವರ್ಷ ಇಂಟೆಲ್ ಅದಕ್ಕೆ ಮಂಗಳ ಹಾಡಿತು. ಕೊಳವೆಯ ಮೂಲಕ ಮುಂಭಾಗದ ಗಾಳಿಯನ್ನು ಪ್ರೊಸೆಸರಿಗೆ ಮುಟ್ಟಿಸುವ ಉಪಾಯ ಮಾತ್ರ ಕಚೇರಿಗಳಿಗೆ ಬರುವ ಸಣ್ಣ ಕಂಪ್ಯೂಟರುಗಳಲ್ಲಿ ಈಗಲೂ ಕಾಣಸಿಗುತ್ತದೆ.

ಇದೇ ಕಾಲದಲ್ಲಿ ಆಪಲ್ ಬೇರೊಂದು ಉತ್ತರ ಹುಡುಕಿತ್ತು. 2003ರ ಪವರ್ ಮ್ಯಾಕ್ ಜಿ5 ಒಳಗನ್ನು ನಾಲ್ಕು ಕೋಣೆಗಳಾಗಿ ಸೀಳಿದರು: ಪ್ರೊಸೆಸರಿಗೊಂದು, ಕಾರ್ಡುಗಳಿಗೊಂದು, ಡ್ರೈವುಗಳಿಗೊಂದು, ಎಸ್‌ಎಂಪಿಎಸ್‌ಗೊಂದು. ಒಂಬತ್ತು ಫ್ಯಾನು, ಪ್ರತಿ ಕೋಣೆಗೂ ತನ್ನದೇ ಗಾಳಿ. ಯಾರ ಎಂಜಲೂ ಯಾರಿಗೂ ಇಲ್ಲ. ಹತ್ತು ವರ್ಷದ ಬಳಿಕ ಅದೇ ಕಂಪನಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 2013ರ ಮ್ಯಾಕ್ ಪ್ರೊ ಒಂದು ಕಪ್ಪು ಉರುಳೆ. ನಡುವೆ ತ್ರಿಕೋನಾಕಾರದ ಒಂದೇ ಹೀಟ್‌ಸಿಂಕ್, ಅದರ ಮೂರು ಮಗ್ಗುಲಿಗೆ ಒಂದು ಪ್ರೊಸೆಸರ್, ಎರಡು ಗ್ರಾಫಿಕ್ಸ್ ಚಿಪ್, ಮೇಲೆ ಒಂದೇ ಫ್ಯಾನ್. ಮೂವರೂ ಸಮವಾಗಿ ಬಿಸಿಯಾಗುವವರೆಗೆ ಈ ಹಂಚಿಕೆ ಸೊಗಸಾಗಿತ್ತು. ಜಗತ್ತು ಮಾತ್ರ ಒಂದೇ ದೈತ್ಯ ಗ್ರಾಫಿಕ್ಸ್ ಚಿಪ್‌ನತ್ತ ಸಾಗಿತು. ಒಂದೇ ಮಗ್ಗುಲಲ್ಲಿ ಅಷ್ಟು ಶಾಖ ಹೊರಲು ಆ ತ್ರಿಕೋನಕ್ಕೆ ಆಗಲಿಲ್ಲ. ತಾವೇ ಕಟ್ಟಿದ ಮೂಲೆಯಲ್ಲಿ ಸಿಕ್ಕಿಬಿದ್ದೆವೆಂದು ಆಪಲ್ 2017ರಲ್ಲಿ ಪತ್ರಕರ್ತರೆದುರು ಒಪ್ಪಿಕೊಂಡಿತು. 2019ರಲ್ಲಿ ಮುಂಭಾಗದಲ್ಲಿ ಮೂರು ದೊಡ್ಡ ಫ್ಯಾನುಗಳಿರುವ ಹಳೇ ಮಾದರಿಯ ಟವರ್‌ಗೆ ಮರಳಿತು.

ಎಟಿಎಕ್ಸ್ ಜಗತ್ತು ಯಾವ ಕ್ರಾಂತಿಯನ್ನೂ ಮಾಡದೆ ತನ್ನೊಳಗೇ ಸಾಮಾನು ಆಚೀಚೆ ಜರುಗಿಸಿಕೊಂಡಿತು. ಆಂಟೆಕ್ ಕಂಪನಿ ಸದ್ದಿಲ್ಲದ ಕಂಪ್ಯೂಟರುಗಳ ಪರಿಣತ ಮೈಕ್ ಚಿನ್ ಜೊತೆಗೂಡಿ 2005ರಲ್ಲಿ ತಂದ ಪಿ180 ಕ್ಯಾಬಿನೆಟ್ ಎಸ್‌ಎಂಪಿಎಸ್ಸನ್ನು ಕೆಳಗಿಳಿಸಿ ಅದಕ್ಕೆ ಪ್ರತ್ಯೇಕ ಕೋಣೆ ಕಟ್ಟಿತು. ತೈವಾನಿನ ಸಿಲ್ವರ್‌ಸ್ಟೋನ್ ತನ್ನ ರೇವನ್ ಸರಣಿಯಲ್ಲಿ ಬೋರ್ಡನ್ನೇ 90 ಡಿಗ್ರಿ ತಿರುಗಿಸಿ, ಕೇಬಲ್ ಚುಚ್ಚುವ ಬೆನ್ನನ್ನು ಛಾವಣಿಗೆ ತಂದು, ತಳದಲ್ಲಿ 180 ಮಿಲಿಮೀಟರಿನ ಫ್ಯಾನುಗಳನ್ನಿಟ್ಟಿತು. ಅದು ಚೆನ್ನಾಗಿ ತಂಪಾಗುತ್ತಿದ್ದುದಕ್ಕೆ ಕಾರಣ ಬಿಸಿಗಾಳಿ ಏರುವುದೆಂದು ಜಾಹೀರಾತು ಹೇಳಿದರೂ, ನಿಜವಾದ ಕಾರಣ ಬೇರೆ: ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ದೊಡ್ಡ ಫ್ಯಾನುಗಳ ಗಾಳಿ ಅಡೆತಡೆಯಿಲ್ಲದೆ, ಒಂದೇ ಹೊತ್ತಿಗೆ ಸಿಗುತ್ತಿತ್ತು. ಇಬ್ಬರೂ ಮೇಲ್ಭಾಗದ ರೈತರು. ಆಮೇಲೆ ಎಸ್‌ಎಸ್‌ಡಿಗಳು ಬಂದು ಮುಂಭಾಗಕ್ಕೆ ಅಡ್ಡ ನಿಂತಿದ್ದ ಹಾರ್ಡ್‌ಡಿಸ್ಕಿನ ಗೂಡುಗಳನ್ನು ಖಾಲಿ ಮಾಡಿಸಿದವು. ಸಿಕ್ಕ ಜಾಗವನ್ನು ಹಾಳುಗೆಡವಿದ್ದು ಗಾಜು. ಬಣ್ಣದ ದೀಪ ತೋರಿಸಲು ಮುಂಭಾಗಕ್ಕೂ ಗಾಜು ಹಾಕಿ, ಬೆರಳು ತೂರದ ಸಂದಿನಿಂದ ಗಾಳಿ ಎಳೆದುಕೋ ಎಂದು ಫ್ಯಾನುಗಳಿಗೆ ಹೇಳಿದ ಕ್ಯಾಬಿನೆಟ್‌ಗಳು ನಾಲ್ಕೈದು ವರ್ಷ ಭರ್ಜರಿಯಾಗಿ ಮಾರಾಟವಾದವು. ಈಗ ಮತ್ತೆ ಜಾಲರಿಯ ಕಾಲ. ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್ 2021ರಲ್ಲಿ ತಂದ ಟೊರೆಂಟ್‌ನ ಮುಂಭಾಗದಲ್ಲಿ 180 ಮಿಲಿಮೀಟರಿನ ಎರಡು ಫ್ಯಾನುಗಳಿವೆ, ತಳವೂ ಗಾಳಿಗೆ ತೆರೆದಿದೆ. ಎಸ್‌ಎಂಪಿಎಸ್ ಮತ್ತೆ ಮೇಲಕ್ಕೆ ಹೋಗಿದೆ, 1995ರಲ್ಲಿದ್ದ ಜಾಗಕ್ಕೆ.

ತಳ ತೆರೆಯಲು ಕಾರಣ ಗ್ರಾಫಿಕ್ಸ್ ಕಾರ್ಡ್. ಈಗ ಪೆಟ್ಟಿಗೆಯ ಯಜಮಾನ ಅದೇ. ಹಿಂದಿನ ಬ್ಲೋವರ್ ಮಾದರಿಯ ಕಾರ್ಡುಗಳು ತಮ್ಮ ಬಿಸಿಯನ್ನು ತಾವೇ ಹಿಂಬದಿಯ ಕಿಂಡಿಯಿಂದ ಹೊರಗೆ ಊದುತ್ತಿದ್ದವು. ಸದ್ದು ಜಾಸ್ತಿ, ಆದರೆ ನೆರೆಯವರಿಗೆ ತೊಂದರೆಯಿಲ್ಲ. ಇಂದಿನ ಎರಡು-ಮೂರು ಫ್ಯಾನಿನ ಕಾರ್ಡುಗಳು ಸದ್ದು ಕಡಿಮೆ ಮಾಡುತ್ತವೆ, ಬಿಸಿಯನ್ನು ಮಾತ್ರ ಪೆಟ್ಟಿಗೆಯೊಳಗೇ ಸುರಿಯುತ್ತವೆ. ಮೊದಲು ಹೇಳಿದ 5090ರ ಎನ್ವಿಡಿಯಾ ಮಾದರಿಯಲ್ಲಂತೂ ಗಾಳಿ ಕಾರ್ಡನ್ನು ಆರುಪಾರು ತೂರಿ ಮೇಲಕ್ಕೆ, ಅಂದರೆ ಪ್ರೊಸೆಸರಿನ ಫ್ಯಾನ್ ಗಾಳಿ ಎಳೆಯುವ ಜಾಗಕ್ಕೇ, ಏಳುತ್ತದೆ. ಎಂ.2 ಎಸ್‌ಎಸ್‌ಡಿಗಳನ್ನು ಇದೇ ಕಾರ್ಡಿನ ಆಸುಪಾಸಿಗೆ ಅಂಟಿಸುವ ಬೋರ್ಡ್ ತಯಾರಕರಿಗೆ ಏನು ಹೇಳಬೇಕೋ ತಿಳಿಯದು.

ವಾಟರ್ ಕೂಲಿಂಗ್ ಈ ಜಗಳವನ್ನು ಬಗೆಹರಿಸುತ್ತದೆಯೇ? ಒಂದು ಲೀಟರ್ ನೀರು ಒಂದು ಲೀಟರ್ ಗಾಳಿಗಿಂತ ಸುಮಾರು 3500 ಪಟ್ಟು ಶಾಖ ಹೊರುತ್ತದೆ, ನಿಜ. ಆದರೆ ನೀರು ಶಾಖವನ್ನು ರೇಡಿಯೇಟರಿನವರೆಗೆ ಒಯ್ಯುತ್ತದಷ್ಟೇ. ಅಲ್ಲಿ ಕೊನೆಗೂ ಅದನ್ನು ಇಳಿಸಿಕೊಳ್ಳಬೇಕಾದ್ದು ಗಾಳಿಯೇ. ರೇಡಿಯೇಟರನ್ನು ಮುಂಭಾಗದಲ್ಲಿಟ್ಟರೆ ಮೊದಲ ಗಾಳಿ ಪ್ರೊಸೆಸರಿಗೆ, ಬೆಚ್ಚನೆಯದು ಗ್ರಾಫಿಕ್ಸ್ ಕಾರ್ಡಿಗೆ. ಛಾವಣಿಯಲ್ಲಿಟ್ಟರೆ ಉಲ್ಟಾ. ಆಟವಾಡುವವರಿಗೆ ಛಾವಣಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಟದಲ್ಲಿ ಬೇಯುವುದು ಗ್ರಾಫಿಕ್ಸ್ ಕಾರ್ಡ್. ಎಲ್ಲಿಟ್ಟರೂ ಪಂಪು ಇಡೀ ಸುತ್ತಿನ ಅತಿ ಎತ್ತರದ ಬಿಂದುವಾಗಬಾರದು. ಒಳಗೆ ಉಳಿದ ಗಾಳಿಗುಳ್ಳೆಗಳು ಅಲ್ಲೇ ಸೇರಿ ಪಂಪು ಒಣಗಿ ಕಿರುಗುಟ್ಟುತ್ತದೆ.

ನಮ್ಮ ಮನೆಗಳಲ್ಲಿ ಈ ಸೂಕ್ಷ್ಮಗಳಿಗಿಂತ ಮೊದಲು ನೋಡಬೇಕಾದ್ದು ಕಂಪ್ಯೂಟರ್ ಟೇಬಲ್ಲನ್ನು. ಪ್ಲೈವುಡ್ಡಿನ ಮೇಜಿನಲ್ಲಿ ಕ್ಯಾಬಿನೆಟ್‌ಗೆಂದೇ ಒಂದು ಗೂಡು, ಮೂರು ಕಡೆ ಮುಚ್ಚಿ, ಕೆಲವೊಮ್ಮೆ ಮುಂದೆ ಬಾಗಿಲೂ ಇಟ್ಟು ಬಡಗಿ ಮಾಡಿಕೊಟ್ಟಿರುತ್ತಾನೆ. ಹಿಂಬದಿಯಿಂದ ಹೊರಬಿದ್ದ ಬಿಸಿಗಾಳಿ ಗೋಡೆಗೆ ಬಡಿದು ಸುತ್ತಿಕೊಂಡು ಮುಂಭಾಗದಿಂದ ಮತ್ತೆ ಒಳಗೆ. ಚಿಪ್‌ನ ತಾಪಮಾನವೆಂದರೆ ಅದು ಎಳೆದುಕೊಳ್ಳುವ ಗಾಳಿಯ ತಾಪಮಾನದ ಮೇಲೆ ಕೂರುವ ಏರಿಕೆ. ಒಳಬರುವ ಗಾಳಿ ಒಂದು ಡಿಗ್ರಿ ಹೆಚ್ಚಾದರೆ ಚಿಪ್ಪೂ ಒಂದು ಡಿಗ್ರಿ ಹೆಚ್ಚು. ಮೇ ತಿಂಗಳ ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ಇರುವಾಗ ಗೂಡಿನೊಳಗೆ ಎಷ್ಟಿದ್ದೀತು? ಎಷ್ಟು ದುಬಾರಿ ಫ್ಯಾನಾದರೂ ತಾನು ಕುಡಿಯುವ ಗಾಳಿಗಿಂತ ತಂಪಾಗಿ ಏನನ್ನೂ ಇಡಲಾರದು.

ಧೂಳಿನ ಕಥೆಯಲ್ಲೂ ಗಾಳಿಯ ದಾರಿಯೇ ಮುಖ್ಯ. ಒಳಗೆ ಎಳೆಯುವ ಫ್ಯಾನುಗಳ ಬಲ ಹೆಚ್ಚಿದ್ದರೆ ಪೆಟ್ಟಿಗೆಯೊಳಗೆ ಒತ್ತಡ ತುಸು ಹೆಚ್ಚಿ, ಬಿರುಕುಗಳಿಂದ ಗಾಳಿ ಹೊರಕ್ಕೇ ಸೋರುತ್ತದೆ. ಒಳಬರುವುದೆಲ್ಲ ಫಿಲ್ಟರ್ ಮೂಲಕ. ಹೊರಹಾಕುವ ಫ್ಯಾನುಗಳ ಬಲ ಹೆಚ್ಚಿದ್ದರೆ ಪ್ರತಿ ಬಿರುಕೂ ಬಾಯಿ ತೆರೆದು ಊದುಬತ್ತಿಯ ಬೂದಿ, ಬಟ್ಟೆಯ ನಾರು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಹಿಂಬದಿಯಲ್ಲಿ ಖಾಲಿ ಸ್ಲಾಟಿನ ಪಟ್ಟಿ ಕಳೆದುಹೋಗಿದ್ದರೆ ಜಿರಳೆಗಳಿಗೂ ಬಾಡಿಗೆಯಿಲ್ಲದ ಮನೆ. ಫ್ಯಾನ್ ಕೂರಿಸುವಾಗ ದಿಕ್ಕು ತಿಳಿಯದಿದ್ದರೆ ಚೌಕಟ್ಟಿನ ಅಡ್ಡಕಡ್ಡಿಗಳನ್ನು ನೋಡಿ. ಮೋಟರನ್ನು ಹಿಡಿದಿರುವ ಆ ಕಡ್ಡಿಗಳ ಬದಿಯಿಂದಲೇ ಗಾಳಿ ಹೊರಡುವುದು.

ನಿಮ್ಮ ಕ್ಯಾಬಿನೆಟ್‌ನಲ್ಲಿ ತಪ್ಪು ದಾರಿಯದೋ ಹೀಟ್‌ಸಿಂಕಿನದೋ ಎಂದು ತಿಳಿಯಲು ಉಪಕರಣ ಬೇಡ. ಒಂದು ಭಾರದ ಆಟವನ್ನೋ ವಿಡಿಯೊ ರೆಂಡರನ್ನೋ ಅರ್ಧ ಗಂಟೆ ಓಡಿಸಿ ತಾಪಮಾನ ಬರೆದಿಟ್ಟುಕೊಳ್ಳಿ. ಬದಿಯ ಬಾಗಿಲು ತೆಗೆದು ಮತ್ತೆ ಅಷ್ಟೇ ಹೊತ್ತು ಓಡಿಸಿ. ಹತ್ತು ಡಿಗ್ರಿಯೋ ಹೆಚ್ಚೋ ಇಳಿದರೆ ಪೆಟ್ಟಿಗೆ ಉಸಿರುಗಟ್ಟಿದೆ. ಮುಂಭಾಗದ ಫಿಲ್ಟರ್ ತೊಳೆಯಿರಿ, ಒಳಗೆಳೆಯುವ ಫ್ಯಾನ್ ಸೇರಿಸಿ. ಒಂದೆರಡು ಡಿಗ್ರಿ ಮಾತ್ರ ಇಳಿದು ಚಿಪ್ ಇನ್ನೂ ಸುಡುತ್ತಿದ್ದರೆ ಪೆಟ್ಟಿಗೆಯ ತಪ್ಪಲ್ಲ; ರೆಕ್ಕೆಗಳ ನಡುವಿನ ಧೂಳನ್ನು ಬ್ಲೋವರ್ ಹಿಡಿದು ಊದಿಸಿ, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಒಣಗಿದೆಯೇ ನೋಡಿ. ಬಾಗಿಲು ತೆಗೆದಾಗ ತಾಪಮಾನ ಏರುವ ಕ್ಯಾಬಿನೆಟ್‌ಗಳೂ ಇವೆ. ಅಲ್ಲಿ ಗೋಡೆಗಳೇ ಕೊಳವೆಯಾಗಿ ಗಾಳಿಯನ್ನು ಸರಿಯಾದ ಜಾಗಕ್ಕೆ ಮುಟ್ಟಿಸುತ್ತಿದ್ದವು. ಅಂಥದ್ದು ನಿಮ್ಮ ಬಳಿ ಇದ್ದರೆ ಬಾಗಿಲು ಮುಚ್ಚಿ, ಸ್ಕ್ರೂ ಬಿಗಿ ಮಾಡಿ, ಪಕ್ಕದಲ್ಲಿಟ್ಟ ಟೇಬಲ್ ಫ್ಯಾನನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ.